ಸೀಸನ್ ಹೊತ್ತಲ್ಲಿ ನೀಲಿ ಪರದೆ

111ನೇ ಪಟ್ಟಿ ಟೈಪ್ ಮಾಡುತ್ತಿದ್ದೆ. ರೈತರ ಹೆಸರು ಹಾಕಿದೆ, ಊರು ಹಾಕಿದೆ, ಬಾಕ್ಸ್ ಎಷ್ಟು ಅಂತ ಹಾಕಬೇಕು, ಅಷ್ಟರಲ್ಲಿ ಮಾನಿಟರ್ ಪೂರ್ತಿ ನೀಲಿ. ಒಂದು ಮೂಲೆಯಲ್ಲಿ ಸಪ್ಪೆ ಮುಖ. ಕೆಳಗೆ ಇಂಗ್ಲಿಷ್‌ನಲ್ಲಿ ಮೂರು ನಾಲ್ಕು ಸಾಲು. ಏನೋ ಶೇಕಡಾ ಲೆಕ್ಕ ಸೊನ್ನೆಯಿಂದ ನೂರಕ್ಕೆ ಏರಿತು. ಆಮೇಲೆ ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಆನ್ ಆಯಿತು. 2024ರ ಮೇ ಕೊನೇ ವಾರ, ರಾತ್ರಿ ಒಂಬತ್ತೂ ಮುಕ್ಕಾಲು. ನಾನು ಕೊನೇ ಸಲ ಸೇವ್ ಮಾಡಿದ್ದು 86ನೇ ಪಟ್ಟಿಯಲ್ಲಿ. ಇಪ್ಪತ್ತೈದು ಪಟ್ಟಿ ಮತ್ತೆ ಮೊದಲಿಂದ.

ನಾನು ಕೋಲಾರದಲ್ಲಿ ಮನೆಯಲ್ಲೇ ಕೂತು ಎರಡು ಟೊಮೆಟೊ ಮಂಡಿಗಳ ಲೆಕ್ಕ ಬರೆಯುವವನು. ಹಗಲು ಎಪಿಎಂಸಿಯಲ್ಲಿ ಹರಾಜು ನಡೆಯುತ್ತದೆ. ಸಂಜೆ ಕಾರ್ಬನ್ ಹಾಕಿದ ಪಟ್ಟಿ ಪುಸ್ತಕಗಳು ಮನೆಗೆ ಬರುತ್ತವೆ. ಲಾಟ್ ನಂಬರ್, ರೈತ, 15 ಕೆಜಿಯ ಬಾಕ್ಸ್ ಎಷ್ಟು, ಯಾವ ರೇಟಿಗೆ ಹೋಯಿತು, ಹಮಾಲಿ, ಗಾಡಿ ಬಾಡಿಗೆ. ಎಲ್ಲ ಎಕ್ಸೆಲ್‌ಗೆ ಏರಿಸಬೇಕು, ಮಾರನೇ ದಿನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ. 2023ರ ಜುಲೈನಲ್ಲಿ ಬಾಕ್ಸ್ ರೇಟು 2,000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಅಂಥ ಕಾಲದಲ್ಲಿ ಒಂದು ಬಾಕ್ಸ್ ಲೆಕ್ಕ ತಪ್ಪಿದರೂ ಮಂಡಿಯವರ ಮುಖ ನೋಡೋಕಾಗಲ್ಲ. ಹಾಗಾಗಿ ಈ ಕೆಲಸದಲ್ಲಿ ನಂಬಿಕೆಯೇ ಬಂಡವಾಳ. ಕಂಪ್ಯೂಟರ್ ಮೇಲಿನ ನಂಬಿಕೆಯೂ ಸೇರಿ.

ಅವತ್ತು ಸುಮ್ನೆ ಬಿಟ್ಟೆ. ಬಿಸಿಲಿಗೆ ಏನೋ ಆಗಿದೆ ಅಂದುಕೊಂಡೆ. ಮೂರು ದಿನ ಬಿಟ್ಟು ಮತ್ತೆ ಬಂತು. ಆಮೇಲೆ ದಿನ ಬಿಟ್ಟು ದಿನ. ಜೂನ್ ಹತ್ತರ ಹೊತ್ತಿಗೆ ದಿನಕ್ಕೆ ಎರಡು ಸಲ, ಅದೂ ಸಂಜೆ ಏಳರ ಮೇಲೆ. ಬೆಳಿಗ್ಗೆ ಮಗಳು ಅದೇ ಕಂಪ್ಯೂಟರಿನಲ್ಲಿ ಪಾಠದ ವಿಡಿಯೋ ನೋಡುವಾಗ ಒಂದು ಸಲವೂ ಬರಲಿಲ್ಲ. "ನಿಮ್ಮ ಕಂಡ್ರೆ ಆಗಲ್ಲ ಅದಕ್ಕೆ" ಅಂತ ಮನೆಯವಳು ನಕ್ಕಳು.

ಈ ಸಂಜೆಯ ಲೆಕ್ಕವೇ ನನ್ನನ್ನು ದಾರಿ ತಪ್ಪಿಸಿದ್ದು. ನಮ್ಮ ಬಡಾವಣೆಯಲ್ಲಿ ಸಂಜೆ ಏಳಕ್ಕೆ ಎಲ್ಲರೂ ಸಂಪಿನ ಮೋಟರ್ ಹಾಕುತ್ತಾರೆ. ಲೈಟು ಒಂದು ಕ್ಷಣ ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ನೀಲಿ ಪರದೆಯೂ ಅದೇ ಹೊತ್ತಿಗೆ ಬರುತ್ತದೆ. ಇನ್ನೇನು ಬೇಕು ಸಾಕ್ಷಿ? ಕೋಲಾರ ಜಿಲ್ಲೆಗೆ ಕರೆಂಟು ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ತಂತಿ ಎಳೆದಿದ್ದರು. ನಮ್ಮ ಬೀದಿಯ ಸಂಜೆ ವೋಲ್ಟೇಜ್ ನೋಡಿದರೆ ಆ ತಂತಿ ಇನ್ನೂ ಬದಲಾಯಿಸಿಲ್ಲವೇನೋ ಅನ್ನಿಸುತ್ತದೆ.

ಇನ್ನೊಂದು ಸಾಕ್ಷಿಯೂ ಸಿಕ್ಕಿತು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಒಂದಿದೆ. ಕಂಪ್ಯೂಟರ್ ತನ್ನ ದಿನಚರಿ ಬರೆದಿಡುವ ಜಾಗ. ತೆರೆದು ನೋಡಿದರೆ ಪ್ರತಿ ನೀಲಿ ಪರದೆಯ ಹೊತ್ತಿಗೂ ಕೆಂಪು ಗುರುತು, ಪಕ್ಕದಲ್ಲಿ "ಕರ್ನಲ್-ಪವರ್ 41". ಪವರ್! ಅದೇ ಬರೆದಿದೆಯಲ್ಲ! ಗೆದ್ದೆ ಅಂದುಕೊಂಡೆ.

ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆ. ಅವರು ಮೀಟರ್ ತೆಗೆದು ಪ್ಲಗ್ಗಿನ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಹಿಡಿದರು. 18 ವೋಲ್ಟ್. "ಸಾರ್, ಇದು ಎರಡು ಮೂರರ ಮೇಲೆ ಇರಬಾರದು. ಸಿಪಿಯು ಡಬ್ಬ ಮುಟ್ಟಿದ್ರೆ ಜುಂ ಅನ್ನಲ್ವಾ?" ಅಂದರು. ಅನ್ನುತ್ತಿತ್ತು. ವರ್ಷದಿಂದ ಅನ್ನುತ್ತಿತ್ತು. ನಾವು ಚಪ್ಪಲಿ ಹಾಕಿಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದೆವು. ಹಿತ್ತಲಲ್ಲಿ ಅರ್ತ್ ಗುಂಡಿ ಒಣಗಿ ಕಲ್ಲಾಗಿತ್ತು, ತಂತಿ ತುಕ್ಕು ಹಿಡಿದು ಕಿತ್ತು ಬಂದಿತ್ತು. ಗುಂಡಿ ಅಗೆದು, ಉಪ್ಪು ಇದ್ದಿಲು ಹಾಕಿ, ಹೊಸ ತಂತಿ ಎಳೆದು, ನಾಲ್ಕು ಬಿಂದಿಗೆ ನೀರು ಹೊಯ್ದರು. ಮೀಟರ್ ಒಂದೂವರೆ ವೋಲ್ಟ್‌ಗೆ ಇಳಿಯಿತು. ಜುಂ ಅನ್ನುವುದು ನಿಂತಿತು.

ನೀಲಿ ಪರದೆ ನಿಲ್ಲಲಿಲ್ಲ. ಅವತ್ತೇ ರಾತ್ರಿ ಎಂಟೂವರೆಗೆ ಬಂತು.

ಅರ್ತ್ ಸರಿಮಾಡಿಸಿದ್ದು ದಂಡ ಅಂತ ನಾನು ಈಗಲೂ ಹೇಳಲ್ಲ. ಆದರೆ ಅದು ಬೇರೆ ಕಾಯಿಲೆ, ಇದು ಬೇರೆ. ಆ 41 ಅನ್ನುವ ನಂಬರಿನ ನಿಜವಾದ ಅರ್ಥ ನನಗೆ ತಿಳಿದಿದ್ದು ಒಂದು ತಿಂಗಳಾದ ಮೇಲೆ. "ಈ ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡದೆ ಮತ್ತೆ ಆನ್ ಆಗಿದೆ" ಅಂತ ಅಷ್ಟೇ ಅದು ಹೇಳುವುದು. ಯಾಕೆ ಅಂತ ಹೇಳುವುದಿಲ್ಲ. ಅದರ ಒಳಗೆ ಡೀಟೇಲ್ಸ್ ಅನ್ನುವ ಪುಟದಲ್ಲಿ ಬಗ್‌ಚೆಕ್‌ಕೋಡ್ ಅಂತ ಒಂದು ಸಾಲು ಇರುತ್ತದೆ. ಕರೆಂಟು ಹೋಗಿ ಆಫ್ ಆಗಿದ್ದರೆ ಅಲ್ಲಿ 0 ಇರುತ್ತದೆ. ನೀಲಿ ಪರದೆ ಬಂದಿದ್ದರೆ ಬೇರೆ ಏನಾದರೂ ನಂಬರ್ ಇರುತ್ತದೆ. ನನ್ನದರಲ್ಲಿ 26 ಇತ್ತು. ನಾನು ಆ ಪುಟ ತೆರೆಯಲೇ ಇಲ್ಲ. ಪವರ್ ಅನ್ನುವ ಪದ ಕಂಡಿತು, ಗುದ್ದಲಿ ತರಿಸಿದೆ.

ಆಮೇಲೆ ಊರಿನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಕಂಪ್ಯೂಟರ್ ಆನ್ ಕೂಡ ಮಾಡಲಿಲ್ಲ. "ಬ್ಲೂ ಸ್ಕ್ರೀನಾ? ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ. 600." ಮನೆಗೆ ವಾಪಸ್ ತಂದು ಲೆಕ್ಕದ ಫೋಲ್ಡರ್, ಫೋಟೋ ಎಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಮತ್ತೆ ಹೊತ್ತುಕೊಂಡು ಹೋದೆ. ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟರು. ಎರಡು ದಿನ ಹಾಯಾಗಿತ್ತು. ಮೂರನೇ ದಿನ ಮತ್ತೆ ನೀಲಿ. ಅಂಗಡಿಯವರಿಗೆ ಫೋನ್ ಮಾಡಿದರೆ "ಇನ್ನೊಂದ್ಸಲ ಫಾರ್ಮ್ಯಾಟ್ ಮಾಡೋಣ" ಅಂದರು. ಬೇಡ ಅಂದೆ. ಫಾರ್ಮ್ಯಾಟ್ ಮಾಡಿಸಿದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಗಿತ್ತು. ಪ್ರತಿ ಸಲ ನೀಲಿ ಪರದೆ ಬಂದಾಗ ವಿಂಡೋಸ್ ಬರೆದಿಟ್ಟಿದ್ದ ಸುಳಿವಿನ ಫೈಲುಗಳೆಲ್ಲ ಅದರ ಜೊತೆಗೇ ಅಳಿಸಿಹೋದವು. ರೋಗಿಯ ಹಳೇ ರಿಪೋರ್ಟೆಲ್ಲ ಒಲೆಗೆ ಹಾಕಿದ ಹಾಗೆ.

ಮಧ್ಯೆ ಯಾರೋ ಹೇಳಿದರು ಅಂತ ರಬ್ಬರ್ ಪ್ರಯೋಗವೂ ಆಯಿತು. ಸಿಪಿಯು ಡಬ್ಬ ಬಿಚ್ಚಿ, ಕಂಪ್ಯೂಟರಿನ ಮೆಮೊರಿ ಸ್ಟಿಕ್, ಅಂದರೆ ರ‍್ಯಾಮ್ ತೆಗೆದು, ಅದರ ಅಂಚಿನ ಹಳದಿ ಪಟ್ಟಿಗಳನ್ನು ಮಗಳ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವುದು. ಆ ಹಳದಿ ನಿಜವಾದ ಚಿನ್ನದ ಲೇಪ, ತೀರಾ ತೆಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಜಿಲ್ಲೆಯವರು ಇಷ್ಟು ಹತ್ತಿರದಿಂದ ಚಿನ್ನ ಉಜ್ಜಿದ್ದು ಕಡಿಮೆ ಇರಬೇಕು. ಡಬ್ಬದ ಒಳಗೆ ಕೆಂಪು ಧೂಳು ಬೆರಳು ದಪ್ಪ ಇತ್ತು. ಹಾರ್ಡ್‌ಡಿಸ್ಕ್ ಕೂರಿಸುವ ಗೂಡಿನಲ್ಲಿ ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು. ಮಗಳು ಅವನ್ನು ರಟ್ಟಿನ ಮೇಲೆ ಎತ್ತಿಕೊಂಡು ಹೋಗಿ ಹೂಕುಂಡದ ಹಿಂದೆ ಇಟ್ಟಳು. ಈ ರಬ್ಬರ್ ವೈದ್ಯ ಕೆಲವರಿಗೆ ನಿಜವಾಗಿಯೂ ಕೆಲಸ ಮಾಡುತ್ತದೆ, ಕಿಲುಬು ಹಿಡಿದು ಕಾಂಟ್ಯಾಕ್ಟ್ ತಪ್ಪಿದ್ದರೆ. ನನಗೆ ನಾಲ್ಕು ದಿನ ಕೆಲಸ ಮಾಡಿತು. ಅಥವಾ ಆ ನಾಲ್ಕು ದಿನ ಮಳೆ ಬಂದು ಮಂಡಿಗೆ ಮಾಲು ಕಡಿಮೆ ಬಂದು ನಾನೇ ಜಾಸ್ತಿ ಕೆಲಸ ಮಾಡಿರಲಿಲ್ಲ.

ಜುಲೈ 19, ಶುಕ್ರವಾರ. ಟಿವಿ ನೋಡುತ್ತಿದ್ದ ಮನೆಯವಳು ಕೂಗಿದಳು. "ರೀ, ಬನ್ನಿ ಇಲ್ಲಿ! ನಿಮ್ಮ ಕಂಪ್ಯೂಟರ್ ಕಾಯಿಲೆ ಪ್ರಪಂಚಕ್ಕೆಲ್ಲ ಅಂಟಿದೆ!" ಏರ್‌ಪೋರ್ಟು, ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆ ಅದೇ ನೀಲಿ, ಅದೇ ಸಪ್ಪೆ ಮುಖ. ನಮ್ಮ ದೇಶದ ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟ ಫೋಟೋ ತೋರಿಸುತ್ತಿದ್ದರು. ಒಂದು ಸೆಕ್ಯುರಿಟಿ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕೂತುಬಿಟ್ಟವು ಅಂತ ಮೈಕ್ರೋಸಾಫ್ಟ್ ಆಮೇಲೆ ಅಂದಾಜು ಹೇಳಿತು. ನನಗೆ ಒಂಥರಾ ಸಮಾಧಾನ ಆಗಿದ್ದು ಸುಳ್ಳಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿ ಒಂದು ಕಂಪನಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಆ ಶುಕ್ರವಾರ ರಾತ್ರಿಯೆಲ್ಲ ಒಂದೊಂದೇ ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿ, ಆ ಕೆಟ್ಟ ಫೈಲ್ ಕೈಯಾರೆ ಅಳಿಸಿ, ಶನಿವಾರ ಮಧ್ಯಾಹ್ನ ನಿದ್ದೆಗಣ್ಣಲ್ಲಿ ಕೋಲಾರದ ಬಸ್ಸು ಹತ್ತಿ ಬಂದಿದ್ದ. ಊಟಕ್ಕೆ ಕೂತಾಗ ನನ್ನ ಕಥೆ ಹೇಳಿದೆ.

"ಮಾವ, ನಿನ್ನೆಯಿಂದ ನಾನು ನೋಡಿರೋದೇ ನೀಲಿ. ಇಲ್ಲೂ ಅದೇನಾ?" ಅಂದ. ಮುದ್ದೆ ಮುರಿಯುತ್ತಾ ಒಂದೇ ಪ್ರಶ್ನೆ ಕೇಳಿದ. "ಕೆಳಗಡೆ ಸ್ಟಾಪ್ ಕೋಡ್ ಅಂತ ಇರುತ್ತಲ್ಲ, ಏನಿತ್ತು?"

ನಾನು ಓದಿರಲಿಲ್ಲ. ಎರಡು ತಿಂಗಳಲ್ಲಿ ಎಷ್ಟೋ ಸಲ ಬಂದಿದೆ, ಒಂದು ಸಲವೂ ಓದಿರಲಿಲ್ಲ. ಓದೋಕೆ ಮುಂಚೆ ಆಫ್ ಆಗುತ್ತಿತ್ತು ಅಂದೆ. ಅವನು ಮೊದಲು ಮಾಡಿದ್ದು ಅದನ್ನೇ ಸರಿಪಡಿಸುವ ಕೆಲಸ. ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಟಾರ್ಟಪ್ ಆಂಡ್ ರಿಕವರಿ. ಅಲ್ಲಿ "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಟಿಕ್ ತೆಗೆದ. ಇನ್ನು ಮೇಲೆ ನೀಲಿ ಪರದೆ ನಾವು ಆಫ್ ಮಾಡುವ ತನಕ ಹಾಗೇ ನಿಲ್ಲುತ್ತದೆ. ಮೊಬೈಲಲ್ಲಿ ಫೋಟೋ ಹೊಡೆಯಬಹುದು. ಆ ಶೇಕಡಾ ಲೆಕ್ಕ ನೂರು ಮುಟ್ಟುವ ತನಕ ಸ್ವಿಚ್ ಮುಟ್ಟಬೇಡಿ ಅಂದ. ಆ ಹೊತ್ತಲ್ಲೇ ಅದು ಸುಳಿವಿನ ಫೈಲ್ ಬರೆಯುತ್ತಿರುತ್ತದಂತೆ.

ಆ ಫೈಲುಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಮಿನಿಡಂಪ್ ಅನ್ನುವ ಜಾಗದಲ್ಲಿದ್ದವು. ಫಾರ್ಮ್ಯಾಟ್ ಆದಮೇಲಿನವು, ಒಂಬತ್ತು. ಬ್ಲೂಸ್ಕ್ರೀನ್‌ವ್ಯೂ ಅನ್ನುವ ಪುಟ್ಟ ಉಚಿತ ಸಾಫ್ಟ್‌ವೇರ್ ಇಳಿಸಿ ತೆರೆದ. ಒಂಬತ್ತೂ ಸಾಲಾಗಿ ಬಂದವು. ಅವನು ಸಾಲುಗಳ ಮೇಲೆ ಬೆರಳಿಟ್ಟು ಓದಿದ. ನಾಲ್ಕು "ಮೆಮೊರಿ ಮ್ಯಾನೇಜ್‌ಮೆಂಟ್", ಅದೇ 26. ಮೂರು "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್", ಅದು 10. ಎರಡು "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ", 80. ಪಕ್ಕದಲ್ಲಿ ಯಾವುದರಿಂದ ಆಯಿತು ಅನ್ನುವ ಹೆಸರು. ಎರಡು ಕಡೆ ಡಿಸ್‌ಪ್ಲೇ ಡ್ರೈವರ್, ಎರಡು ಕಡೆ ನೆಟ್‌ವರ್ಕ್ ಡ್ರೈವರ್, ಉಳಿದೆಡೆ ವಿಂಡೋಸ್‌ನ ತಿರುಳಾದ ಕರ್ನಲ್ಲೇ.

"ಕಳ್ಳ ಒಬ್ಬನೇ ಆಗಿದ್ರೆ ಒಂದೇ ಹೆಸರು ಬರಬೇಕು ಮಾವ. ಇಲ್ಲಿ ದಿನಕ್ಕೊಬ್ಬನ ಹೆಸರು. ಅಂದ್ರೆ ಇವರ್ಯಾರೂ ಕಳ್ಳರಲ್ಲ. ಇವರೆಲ್ಲ ನಿಂತಿರೋ ನೆಲವೇ ಸರಿ ಇಲ್ಲ."

"ಕರ್ನಲ್ ಹೆಸರು ಐದು ಸಲ ಇದೆಯಲ್ಲೋ?"

"ಅದು ಕೂಗಿದವನ ಹೆಸರು, ತಪ್ಪು ಮಾಡಿದವನದ್ದಲ್ಲ."

ಇದು ನನಗೆ ತಕ್ಷಣ ತಲೆಗೆ ಹೋಯಿತು. ಮಂಡಿಯಲ್ಲಿ ದಿನಾ ನೋಡುವುದೇ ಅಲ್ವಾ. ಹರಾಜು ಓಡುತ್ತಿರುತ್ತದೆ. ಒಂದು ಲಾಟಿನ ಚೀಟಿ ಇನ್ನೊಂದು ಲಾಟಿನ ಮೇಲೆ ಬಿದ್ದಿದೆ ಅಂತಿಟ್ಟುಕೊಳ್ಳಿ. ಬರೆಯುವ ಹುಡುಗ ಪುಸ್ತಕ ನೋಡುತ್ತಾನೆ, ಬಾಕ್ಸ್ ನೋಡುತ್ತಾನೆ, ತಾಳೆ ಆಗುವುದಿಲ್ಲ. "ನಿಲ್ಸಿ ನಿಲ್ಸಿ!" ಅಂತ ಕೂಗುತ್ತಾನೆ. ಎಲ್ಲರೂ ಅವನಿಗೇ ಬೈಯುತ್ತಾರೆ. ಆದರೆ ಅವನು ಕೂಗದೆ ಸುಮ್ಮನಿದ್ದರೆ ಒಬ್ಬ ರೈತನ ದುಡ್ಡು ಇನ್ನೊಬ್ಬನಿಗೆ ಹೋಗುತ್ತದೆ. ಮೆಮೊರಿಯಲ್ಲಿ ಯಾವ ಜಾಗ ಯಾರದ್ದು ಅಂತ ಕರ್ನಲ್ ಒಂದು ಪುಸ್ತಕ ಇಟ್ಟಿರುತ್ತದೆ. ಪುಸ್ತಕಕ್ಕೂ ಬಾಕ್ಸಿಗೂ ತಾಳೆ ಆಗದಿದ್ದರೆ ಅದು ಹರಾಜು ನಿಲ್ಲಿಸುತ್ತದೆ. ಆ ಕೂಗೇ ನೀಲಿ ಪರದೆ. ಎರಡು ತಿಂಗಳು ನಾನು ಆ ಹುಡುಗನಿಗೆ ಬೈದಿದ್ದೆ.

ಅನುಮಾನ ರ‍್ಯಾಮ್ ಮೇಲೆ ಬಂದರೂ ಅವನು ಬೇರೆಯದನ್ನೂ ಬಿಡಲಿಲ್ಲ. ಫೈಲುಗಳು ಕೂರುವ ಡಿಸ್ಕ್, ಅಂದರೆ ಎಸ್‌ಎಸ್‌ಡಿಯ ಆರೋಗ್ಯ ನೋಡಿದ, ಚೆನ್ನಾಗಿತ್ತು. ಬಿಸಿ ನೋಡಿದ, ಅದೂ ಸರಿ. ಕಪ್ಪು ಕಿಟಕಿಯಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅಂತ ಕೊಟ್ಟ. ವಿಂಡೋಸ್‌ನ ಫೈಲುಗಳು ಸರಿ ಇವೆಯಾ ಅಂತ ಅದೇ ತಾಳೆ ನೋಡುತ್ತದೆ. ಒಂದಷ್ಟು ಕೆಟ್ಟಿವೆ, ರಿಪೇರಿ ಮಾಡಿದೆ ಅಂತ ಬಂತು. ಮತ್ತೆ ಅದನ್ನೇ ಓಡಿಸಿದ. ಮತ್ತೆ ಕೆಟ್ಟಿವೆ ಅಂತ ಬಂತು. ಅವನಿಗೆ ಅನುಮಾನ ಗಟ್ಟಿಯಾಯಿತು. ಡಿಸ್ಕ್ ಚೆನ್ನಾಗಿದೆ, ವಿಂಡೋಸ್ ಹೊಸದು, ಆದರೂ ಓದಿದಾಗಲೆಲ್ಲ ತಪ್ಪು ಓದುತ್ತಿದೆ. ಕನ್ನಡಕವೇ ಗೀಚಿದ್ದರೆ ಪುಸ್ತಕ ಬದಲಾಯಿಸಿ ಏನು ಪ್ರಯೋಜನ?

"ರ‍್ಯಾಮ್ ಏನಾದ್ರೂ ಹೊಸದು ಹಾಕಿಸಿದ್ರಾ?"

ಹಾಕಿಸಿದ್ದೆ. ಸಂಕ್ರಾಂತಿ ಟೈಮಲ್ಲಿ, ಇನ್ನೊಂದು 8 ಜಿಬಿ ಸ್ಟಿಕ್. ಮೊದಲಿದ್ದ 8 ಸಾಲದೆ ಕಂಪ್ಯೂಟರ್ ನಿಧಾನ ಆಗಿತ್ತು. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತಲ್ಲ, ಹಾಗಾಗಿ ಅದರ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ಅದೂ ಅಲ್ಲದೆ ವಿಂಡೋಸ್ ಜೊತೆಗೇ ಬರುವ ಮೆಮೊರಿ ಟೆಸ್ಟ್ ಒಂದಿದೆ, ಅದನ್ನು ಜೂನ್‌ನಲ್ಲೇ ಮಾಡಿದ್ದೆ. ಅರ್ಧ ಗಂಟೆ ಓಡಿ ಎಲ್ಲ ಸರಿ ಇದೆ ಅಂದಿತ್ತು. "ಅದು ತಪ್ಪಿದೆ ಅಂದ್ರೆ ನಂಬಬಹುದು ಮಾವ. ಸರಿ ಇದೆ ಅಂದ್ರೆ ನಂಬೋಕಾಗಲ್ಲ" ಅಂದ.

ಸಂಜೆಯೇ ಯಾಕೆ ಬರುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಬೆಳಿಗ್ಗೆ ಮಗಳದ್ದು ಒಂದು ವಿಡಿಯೋ, ಅಷ್ಟೇ. ಸಂಜೆ ನನ್ನದು ಎಕ್ಸೆಲ್ ಮೂರು, ಟ್ಯಾಲಿ, ಕ್ರೋಮ್‌ನಲ್ಲಿ ಹದಿನೈದು ಟ್ಯಾಬ್, ಪಕ್ಕದಲ್ಲಿ ವಾಟ್ಸಾಪ್. ಮೆಮೊರಿ ತುಂಬಿದಷ್ಟೂ ಕೆಟ್ಟ ಜಾಗದ ಮೇಲೆ ಕಾಲಿಡುವ ಸಂಭವ ಜಾಸ್ತಿ. ಸಂಪಿನ ಮೋಟರ್ ಪಾಪ, ಅದರ ಪಾಡಿಗೆ ಅದು ನೀರು ಎತ್ತುತ್ತಿತ್ತು.

ಅವತ್ತು ರಾತ್ರಿ ಮೆಮ್‌ಟೆಸ್ಟ್86 ಅನ್ನುವುದನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಇಲ್ಲದೆ ನೇರ ಅದರಿಂದಲೇ ಕಂಪ್ಯೂಟರ್ ಆನ್ ಮಾಡಿದ. ಉಚಿತದ್ದು ನಾಲ್ಕು ಸುತ್ತು ಓಡುತ್ತದೆ. ಹತ್ತು ಗಂಟೆಗೆ ಶುರು ಮಾಡಿದೆವು. ಇವನು ಮಲಗಿಬಿಟ್ಟ. ನಾನು ಕೂತೆ. ಕಪ್ಪು ಪರದೆ, ಸಣ್ಣ ಅಕ್ಷರ, ಒಂದೊಂದು ಟೆಸ್ಟಿಗೂ ಒಂದು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತದೆ. ಅದು ಮಾಡುವ ಕೆಲಸ ಸುಲಭದ್ದು. ಪ್ರತಿ ಜಾಗದಲ್ಲೂ ಒಂದು ನಂಬರ್ ಬರೆಯುತ್ತದೆ, ಆಮೇಲೆ ಬಂದು ಓದುತ್ತದೆ. ಬರೆದದ್ದೇ ಇದೆಯಾ? ಮುಂದಕ್ಕೆ. ಬೇರೆ ನಂಬರ್ ಹಿಡಿದುಕೊಂಡು ಮತ್ತೆ ಬರುತ್ತದೆ. ನಮ್ಮ ಮನೆ ಕೀ ಪಕ್ಕದ ಮನೆಯವರ ಹತ್ತಿರ ಕೊಟ್ಟು, ಸಂಜೆ ವಾಪಸ್ ಕೇಳಿದ ಹಾಗೆ. ಕೋಟಿಗಟ್ಟಲೆ ಮನೆಗೆ.

ಹನ್ನೊಂದೂ ಹತ್ತರವರೆಗೆ ತಪ್ಪು ಸೊನ್ನೆ. ನನಗೆ ತೂಕಡಿಕೆ. ಏಳನೇ ಟೆಸ್ಟಿನಲ್ಲಿ ಒಂದು ಕೆಂಪು ಸಾಲು ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೇ ಐದಾರು. ಹತ್ತಿರ ಬಗ್ಗಿ ನೋಡಿದೆ. ಇರಬೇಕಾದ ನಂಬರ್, ಇದ್ದ ನಂಬರ್, ಎರಡೂ ಅಕ್ಕಪಕ್ಕ. ಎಂಟು ಅಕ್ಷರದಲ್ಲಿ ಏಳು ಒಂದೇ. ಒಂದು ಮಾತ್ರ ಬೇರೆ. ಕೆಳಗಿನ ಸಾಲಿನಲ್ಲೂ ಬೇರೆಯಾಗಿದ್ದದ್ದು ಅದೇ ಸ್ಥಾನದ ಅಕ್ಷರ. ಅದರ ಕೆಳಗೂ ಅದೇ. ಎಪ್ಪತ್ತು ಎಂಬತ್ತು ಪುಟದ ಲೆಡ್ಜರಿನಲ್ಲಿ ಒಂದೇ ಗೆರೆಯಲ್ಲಿ ಗೆದ್ದಲು ತಿಂದ ಹಾಗೆ ಕಾಣುತ್ತಿತ್ತು. ಮಲಗಿದ್ದವನನ್ನು ಎಬ್ಬಿಸಿದೆ. ಅವನು ಒಂದೇ ಕಣ್ಣು ತೆರೆದು ನೋಡಿ "ಸಿಕ್ತಲ್ಲ, ಆಫ್ ಮಾಡಿ ಮಲಕೊಳ್ಳಿ ಮಾವ" ಅಂದ.

ರ‍್ಯಾಮ್ ಕೆಟ್ಟಿದೆ ಅಂತ ಗೊತ್ತಾದರೂ ಎರಡರಲ್ಲಿ ಯಾವುದು? ಸ್ಟಿಕ್ಕಾ, ಅದನ್ನು ಚುಚ್ಚುವ ಸ್ಲಾಟಾ? ಇದು ತಿಳಿಯೋಕೆ ಮೂರು ರಾತ್ರಿ ಬೇಕಾಯಿತು, ಅವನು ಭಾನುವಾರವೇ ಹೊರಟುಹೋದ, ಉಳಿದದ್ದು ನಾನೇ ಮಾಡಿದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬದ ತಗಡು ಒಂದು ಸಲ ಮುಟ್ಟಿ, ಆಮೇಲೆ ಕ್ಲಿಪ್ ಬಿಚ್ಚಬೇಕು. ಕೂರಿಸುವಾಗ ಎರಡೂ ಕಡೆ ಟಕ್ ಅನ್ನುವ ತನಕ ಒತ್ತಬೇಕು. ಮೊದಲ ಸಲ ಹೆದರಿ ಮೆಲ್ಲಗೆ ಒತ್ತಿದ್ದಕ್ಕೆ ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಅಂತ ಹೊಡೆದುಕೊಂಡಿತು. ಮೊದಲನೇ ರಾತ್ರಿ ಹಳೇ ಸ್ಟಿಕ್ ಒಂದೇ: ನಾಲ್ಕು ಸುತ್ತು, ತಪ್ಪು ಸೊನ್ನೆ. ಎರಡನೇ ರಾತ್ರಿ ಹೊಸದು ಒಂದೇ, ಅದೇ ಸ್ಲಾಟಿನಲ್ಲಿ: ಮೊದಲ ಸುತ್ತಿನಲ್ಲೇ 38 ತಪ್ಪು. ಮೂರನೇ ರಾತ್ರಿ ಹೊಸದನ್ನೇ ಇನ್ನೊಂದು ಸ್ಲಾಟಿಗೆ ಹಾಕಿದೆ: ಮತ್ತೆ ಕೆಂಪು. ಮಧ್ಯೆ ಒಂದು ಸಲ ಕರೆಂಟು ಹೋಗಿ ಯುಪಿಎಸ್ ಬೀಪ್ ಅಂದಾಗ ಎದೆ ಧಸಕ್ ಅಂದಿತು, ಎರಡು ನಿಮಿಷಕ್ಕೆ ಬಂತು. ಸ್ಲಾಟ್ ನಿರಪರಾಧಿ. ಸಂಕ್ರಾಂತಿಯ ಸ್ಟಿಕ್ಕೇ ಕಳ್ಳ.

ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಹಳೇ 8 ಜಿಬಿಯಲ್ಲೇ ಕೆಲಸ ಶುರು ಮಾಡಿದೆ. ನಿಧಾನ. ಕ್ರೋಮ್‌ನಲ್ಲಿ ಎರಡೇ ಟ್ಯಾಬ್. ಆದರೆ ನೀಲಿ ಇಲ್ಲ. ಒಂದು ವಾರ ಇಲ್ಲ. ಎರಡು ವಾರ ಇಲ್ಲ.

ವಾರಂಟಿ ಕೇಳೋಣ ಅಂತ ಬಿಲ್ ಹುಡುಕಿದರೆ ಫೈಲಿನಲ್ಲಿ ಒಂದು ಬಿಳಿ ಚೀಟಿ ಇತ್ತು. ಪೆಟ್ರೋಲ್ ಬಂಕಿನಲ್ಲಿ ಕೊಡುತ್ತಾರಲ್ಲ, ಆ ಥರದ ಕಾಗದ. ಬೇಸಿಗೆ ಬಿಸಿಗೆ ಅಕ್ಷರವೆಲ್ಲ ಹಾರಿಹೋಗಿತ್ತು. ಪುಣ್ಯಕ್ಕೆ ಸ್ಟಿಕ್ ಮೇಲಿನ ಸ್ಟಿಕ್ಕರಿನಲ್ಲಿದ್ದ ಸೀರಿಯಲ್ ನಂಬರ್ ಸಾಕಾಯಿತು. ಕೊರಿಯರ್ ಮಾಡಿದೆ. 18 ದಿನಕ್ಕೆ ಬದಲಿ ಬಂತು. ಅದನ್ನು ಹಾಕಿದ ದಿನವೇ ರಾತ್ರಿ ನಾಲ್ಕು ಸುತ್ತು ಮೆಮ್‌ಟೆಸ್ಟ್ ಓಡಿಸಿ ಆಮೇಲೇ ವಿಂಡೋಸ್ ತೆರೆದೆ. ಹೊಸ ರ‍್ಯಾಮ್ ಹಾಕಿಸುವವರು ಯಾರೇ ಇರಲಿ, ಈ ಒಂದು ರಾತ್ರಿ ಖರ್ಚು ಮಾಡಿ. ನಾನು ಸಂಕ್ರಾಂತಿಯಲ್ಲಿ ಮಾಡಿದ್ದರೆ ಅವತ್ತೇ ಸಿಗುತ್ತಿತ್ತೋ ಇಲ್ಲವೋ, ಜೂನ್‌ನಲ್ಲಂತೂ ಸಿಗುತ್ತಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಗಸ್ಟ್‌ನಲ್ಲಿ ಪೆನ್‌ಡ್ರೈವಿನ ಫೋಟೋ ನೋಡುತ್ತಿದ್ದಾಗ ಮನೆಯವಳು "ಇದೇನ್ರೀ?" ಅಂದಳು. ತಮ್ಮನ ಮಗಳ ನಾಮಕರಣದ ಫೋಟೋ. ತೊಟ್ಟಿಲ ಮೇಲಿನ ಅರ್ಧ ಸರಿಯಾಗಿದೆ, ಕೆಳಗಿನ ಅರ್ಧ ಬೂದಿ ಬಣ್ಣ. 340ರಲ್ಲಿ ಅಂಥವು ಎರಡು. ಫಾರ್ಮ್ಯಾಟ್ ಮಾಡುವ ಮುಂಚೆ ಕಾಪಿ ಮಾಡಿದ್ದು. ಕಾಪಿ ಆಗುವಾಗ ಪ್ರತಿ ಫೋಟೋನೂ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ತಮ್ಮನ ಫೋನಿನಲ್ಲಿ ಮೂಲ ಇತ್ತು, ತರಿಸಿಕೊಂಡೆವು. ಜೂನ್‌ನ ಮೂರು ದಿನದ ಲೆಕ್ಕ ಇದ್ದ ಒಂದು ಜಿಪ್ ಫೈಲ್ ಬಿಚ್ಚೋಕೇ ಆಗಲಿಲ್ಲ, ಸಿಆರ್‌ಸಿ ತಪ್ಪು, ಅಂದರೆ ಒಳಗಿನ ತಾಳೆ ಲೆಕ್ಕ ಹೊಂದುತ್ತಿಲ್ಲ ಅಂತ ಬಂತು. ಆ ಮೂರು ದಿನದ ಪಟ್ಟಿ ಕಾರ್ಬನ್ ನೋಡಿ ಮತ್ತೆ ಟೈಪ್ ಮಾಡಿದೆ. ಮನೆಯವಳು ಓದಿದಳು, ನಾನು ಹೊಡೆದೆ.

ಆಗ ಹೊಸ ಭಯ ಶುರುವಾಯಿತು. ಫೋಟೋ ಅರ್ಧ ಹೋದರೆ ಕಣ್ಣಿಗೆ ಕಾಣುತ್ತದೆ. ಜಿಪ್ ಕೆಟ್ಟರೆ ಅದೇ ಹೇಳುತ್ತದೆ. ಏನೂ ಹೇಳದೆ ಕೆಟ್ಟಿರುವುದು ಎಷ್ಟಿದೆಯೋ? ಅಕ್ಕನ ಮಗನಿಗೆ ಫೋನ್ ಮಾಡಿದೆ. ದೊಡ್ಡ ಸರ್ವರ್‌ಗಳಲ್ಲಿ ಇಂಥ ಒಂದು ತಪ್ಪನ್ನು ತಾನೇ ಹಿಡಿದು ತಿದ್ದುವ ಬೇರೆ ಜಾತಿ ರ‍್ಯಾಮ್ ಹಾಕಿರುತ್ತಾರಂತೆ, ಇಸಿಸಿ ಅಂತ. ಮನೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. "ನೀಲಿ ಪರದೆ ಬಂದದ್ದೆಲ್ಲ ಕರ್ನಲ್ ಜಾಗದಲ್ಲಿ ತಪ್ಪಾದಾಗ. ನಿಮ್ಮ ಎಕ್ಸೆಲ್ ಜಾಗದಲ್ಲಿ ತಪ್ಪಾದ್ರೆ ಅದಕ್ಕೆ ಹೇಗೆ ಗೊತ್ತಾಗುತ್ತೆ ಮಾವ? ಅದಕ್ಕೆ 10 ಆದ್ರೂ ಒಂದೇ, 12 ಆದ್ರೂ ಒಂದೇ."

ಹಾಗಾಗಿ ಮೇ ಕೊನೆಯಿಂದ ಜುಲೈ 20ರವರೆಗಿನ ಪ್ರತಿ ದಿನದ್ದೂ ತಾಳೆ ನೋಡಿದೆ. ಸುಲಭದ ದಾರಿ ಒಂದಿತ್ತು. ರೈತರ ಕಡೆಯ ಒಟ್ಟು ಬಾಕ್ಸಿಗೂ ಕೊಂಡವರ ಕಡೆಯ ಒಟ್ಟು ಬಾಕ್ಸಿಗೂ ಸಮ ಬರಬೇಕು. ಬಂತು, ಬಂತು, ಬಂತು. ಜೂನ್ 27ಕ್ಕೆ ಬರಲಿಲ್ಲ. 16 ಬಾಕ್ಸ್ ಕಡಿಮೆ. ಅವತ್ತಿನ ಪುಸ್ತಕ ಹುಡುಕಿ ಒಂದೊಂದೇ ಪಟ್ಟಿ ಮೇಲೆ ಬೆರಳಿಟ್ಟುಕೊಂಡು ಹೋದೆ. ಶ್ರೀನಿವಾಸಪುರ ಕಡೆಯ ಒಬ್ಬ ರೈತರ ಲಾಟು. ಕಾರ್ಬನ್‌ನಲ್ಲಿ 148. ಎಕ್ಸೆಲ್‌ನಲ್ಲಿ 132. ರೈತರಿಗೆ ದುಡ್ಡು ಅವತ್ತೇ ಕಾರ್ಬನ್ ನೋಡಿ 148ಕ್ಕೇ ಕೊಟ್ಟಿದ್ದಾರೆ, ಅವರಿಗೇನೂ ನಷ್ಟ ಇಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ತಪ್ಪು.

148ನ್ನು 132 ಅಂತ ಯಾರಾದರೂ ಟೈಪ್ ಮಾಡುತ್ತಾರಾ? 184 ಅಂತ ಹೊಡೆಯಬಹುದು, 14 ಅಂತ ಹೊಡೆಯಬಹುದು. ಮತ್ತೆ ಫೋನ್ ಮಾಡಿದೆ.

"ವ್ಯತ್ಯಾಸ ಎಷ್ಟು ಮಾವ?"

"ಹದಿನಾರು."

ಆ ಕಡೆಯಿಂದ ಒಂದು ನಿಮಿಷ ಮಾತಿಲ್ಲ. ಆಮೇಲೆ ನಕ್ಕ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ ಅಲ್ವಾ. ಆ ಲೆಕ್ಕದಲ್ಲಿ 148 ಅಂದರೆ 10010100. 132 ಅಂದರೆ 10000100. ಕಾಗದ ತಗೊಂಡು ಬರೆದು ನೋಡಿ ಅಂದ. ಪಟ್ಟಿ ಪುಸ್ತಕದ ರಟ್ಟಿನ ಮೇಲೆಯೇ ಒಂದರ ಕೆಳಗೊಂದು ಬರೆದೆ. ಎಂಟು ಮನೆಯಲ್ಲಿ ಏಳು ಒಂದೇ. ಒಂದು ಮಾತ್ರ ಬೇರೆ.

ಮನೆಯವಳಿಗೆ ತೋರಿಸಿದೆ. ಅವಳು ರಟ್ಟು ನೋಡಿದಳು, ನನ್ನ ಮುಖ ನೋಡಿದಳು. "ಮೇಲಿನ ಪಟ್ಟಿ ಎಷ್ಟು ಬಾಕ್ಸಿದೆ ನೋಡಿ" ಅಂದಳು.

ನೋಡಿದೆ. 132.

"ಕನ್ನಡಕ ಹಾಕ್ಕೊಳ್ದೆ ಮೇಲಿನ ಸಾಲು ಹೊಡೆದಿರ್ತೀರ, ಅಷ್ಟೇ" ಅಂತ ಹೇಳಿ ಒಳಗೆ ಹೋದಳು.

ನಾನು ಎಕ್ಸೆಲ್‌ನಲ್ಲಿ 148 ಅಂತ ತಿದ್ದಿ ಸೇವ್ ಮಾಡಿದೆ.